ಗುಂಪಿನಲ್ಲಿ ‘ಹೇಗೆ’ ಕೇಳಿ, ‘ಎಷ್ಟು’ ಕೇಳಬೇಡಿ

ನನಗೆ ಶುಗರ್ ಬಂದು 26 ವರ್ಷ, ಶುಗರ್ ಇರುವವರ ವಾಟ್ಸ್‌ಆ್ಯಪ್ ಗುಂಪು ಸೇರಿ 7 ವರ್ಷ. ಮೊನ್ನೆ ತಂಗಿಯ ಮಗನಿಗೂ ಶುಗರ್ ಅಂತ ಗೊತ್ತಾಯಿತು. ಮಾರನೇ ದಿನಕ್ಕೇ ಮೂರು ಗುಂಪು ಸೇರಿಕೊಂಡವನು, ‘ದೊಡ್ಡಮ್ಮ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಯಾರ ಮಾತು ಕೇಳಲಿ?’ ಅಂತ ಫೋನ್ ಮಾಡಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

• ಮೊದಲ ವಾರ ಸುಮ್ಮನೆ ಓದಿ. ದಿನಾ ಯಾರಾದರೂ ಪುಡಿ, ಕಷಾಯ ಮಾರುತ್ತಿದ್ದರೆ ಆ ಗುಂಪಿನಿಂದ ಎದ್ದು ಬನ್ನಿ. ಮಾರಾಟ ಕಂಡ ಕೂಡಲೇ ಅಡ್ಮಿನ್ ಅಳಿಸುವ ಕಡೆ ಉಳಿಯಿರಿ.

• ‘ಹೇಗೆ’ ಅನ್ನುವುದನ್ನೆಲ್ಲ ಧಾರಾಳವಾಗಿ ಕೇಳಿ. ಮದುವೆ ಮನೆಯಲ್ಲಿ ಎಲೆಗೆ ಬಂದ ಹೋಳಿಗೆ ಬೇಡ ಅನ್ನುವುದು ಹೇಗೆ? ಫ್ರಿಜ್ ಇಲ್ಲದೆ ಇನ್ಸುಲಿನ್ ಇಡುವುದು ಹೇಗೆ? ಇದನ್ನು ನನಗೆ ರಾಯಚೂರು ಕಡೆಯ ಒಬ್ಬಾಕೆ ಕಲಿಸಿದಳು: ದೊಡ್ಡ ಗಡಿಗೆಯೊಳಗೆ ಚಿಕ್ಕ ಕುಡಿಕೆ, ಎರಡರ ನಡುವೆ ಒದ್ದೆ ಮರಳು, ಬಾಯಿಗೆ ಒದ್ದೆ ಬಟ್ಟೆ, ಬಾಟಲಿ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ.

• ‘ಎಷ್ಟು’ ಅನ್ನುವುದು ಡಾಕ್ಟರಿಗೇ ಮೀಸಲು. ಎಲ್ಲರೂ ನುಂಗುವ ಮೆಟ್‌ಫಾರ್ಮಿನ್ನನ್ನೇ ನೋಡಿ: ಕಿಡ್ನಿ ಸೊರಗಿದವರಿಗೆ ಅದನ್ನು ಇಳಿಸಬೇಕು, ಕೆಲವೊಮ್ಮೆ ನಿಲ್ಲಿಸಲೇಬೇಕು. ಟೈಪ್ 1 ಇರುವವರು ಇನ್ಸುಲಿನ್ ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

• ‘ಬುಡಸಮೇತ ವಾಸಿ’ ಅಂದವರನ್ನು ನಂಬಬೇಡಿ. ಯಾರೋ ಕಳಿಸಿದ ಮೆಸೇಜು ನೋಡಿ ನಾನು ಮಾತ್ರೆ ಬಿಟ್ಟು ನೇರಳೆ ಬೀಜದ ಪುಡಿ ತಿಂದೆ. ಹನ್ನೊಂದನೇ ದಿನ ಖಾಲಿ ಹೊಟ್ಟೆಯಲ್ಲೇ 340! ಶುಗರ್ ವಾಸಿಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದೇ ತಪ್ಪು ಅಂತ 1954ರ ಕಾಯ್ದೆ ಇದೆ. ಇಂಥವರನ್ನು ನಂಬಿ ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

• ಪಕ್ಕದವರ ಎಚ್‌ಬಿಎ1ಸಿ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ಅದು ಸುಮಾರು ಮೂರು ತಿಂಗಳ ಸರಾಸರಿ ಲೆಕ್ಕ. ಮೂವತ್ತರ ಹುಡುಗನಿಗೆ ಇಟ್ಟ ಗುರಿಯನ್ನು ಎಪ್ಪತ್ತರ ಮುದುಕಿಗೆ ಇಡುವುದಿಲ್ಲ.

• ಶುಗರ್ ಇಳಿದಾಗ ಮೊದಲು ಸಕ್ಕರೆ, ಆಮೇಲೆ ಮೊಬೈಲು. ಒಂದು ರಾತ್ರಿ ಬೆವರಿ ಕೈ ನಡುಗುವಾಗ ನಾನು ಗುಂಪಿಗೆ ಬರೆಯಲು ಹೊರಟೆ, ಅಕ್ಷರವೇ ಕೂಡಲಿಲ್ಲ. ಯಜಮಾನರು ಸಕ್ಕರೆ ನೀರು ಕುಡಿಸಿ ಉಳಿಸಿಕೊಂಡರು. 70ಕ್ಕಿಂತ ಇಳಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು.

• ರಿಪೋರ್ಟಿನ ಫೋಟೊ ಹಾಕುವ ಮುನ್ನ ಹೆಸರು, ಫೋನ್ ನಂಬರು ಕತ್ತರಿಸಿ. ಗುಂಪಿನ ಗುಟ್ಟನ್ನು ಮನೆಯವರಿಗೂ ಹೇಳಬೇಡಿ.

• ದಿನಾ ಅದೇ ಮಾತು, ಅದೇ ಅಂಕಿ ಅನ್ನಿಸಿದರೆ ನಾಲ್ಕು ದಿನ ಮ್ಯೂಟ್ ಮಾಡಿ. ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್‌ನ 14416 ಇದೆ. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ.

• ಹೊಸಬರು ಬಂದಾಗ ಪಥ್ಯದ ಪಟ್ಟಿ ಸುರಿಯಬೇಡಿ. ನಾನು ಸೇರಿದ್ದು ಇನ್ಸುಲಿನ್ ಶುರುವಾದ ದಿನ. ಸೂಜಿಗೆ ಹೆದರಿ ಊಟ ಮುಂದೂಡುತ್ತ ಕೂತಿದ್ದೆ. ಅಡ್ಮಿನ್ ಕೇಳಿದ್ದು ಒಂದೇ: ‘ಊಟ ಆಯ್ತಾ ಅಮ್ಮ?’ ಇಲ್ಲ ಅಂದೆ. ಆಕೆ ವಿಡಿಯೊ ಕಾಲ್ ಮಾಡಿ, ತನ್ನ ಪಾಲಿನ ಸೂಜಿ ತಾನು ಚುಚ್ಚಿಕೊಂಡು ತೋರಿಸಿದಳು. ನಾನೂ ಡಾಕ್ಟರು ಬರೆದಷ್ಟು ಯೂನಿಟ್ ಚುಚ್ಚಿಕೊಂಡು ಮುದ್ದೆ ಮುರಿದೆ.