ಡ್ರೈಯರಿನ ಹೊಗೆಕೊಳವೆ: ಒಂದೇ ಓಟವೋ, ಎರಡು ಓಟವೋ?

ಕಟ್ಟಿಗೆ ಡ್ರೈಯರ್ ಕಟ್ಟಿಸುವಾಗ ಹೊಗೆಯನ್ನು ನೇರ ಚಿಮಣಿಗೆ ಬಿಡುವುದೋ, ಒಳಗೇ ತಿರುಗಿಸಿ ಇನ್ನೊಮ್ಮೆ ಓಡಿಸುವುದೋ? ಎರಡು ಓಟ ಕೊಟ್ಟರೆ ಕಟ್ಟಿಗೆ ಉಳಿಯುತ್ತದೆ ಅನ್ನುತ್ತಾರೆ. ಉಳಿಯುವುದು ಹೌದು, ಆದರೆ ಎಲ್ಲಾ ಕಡೆ ಅಲ್ಲ.

ಕೊಳವೆಯೊಳಗೆ ಹೊಗೆ, ಹೊರಗಿನ ಪೆಟ್ಟಿಗೆಯಲ್ಲಿ ಗಾಳಿ. ಎರಡೂ ಬೆರೆಯದೆ ಶಾಖ ಮಾತ್ರ ದಾಟಬೇಕು. ಹೊಗೆ ಒಂದು ತುದಿಯಿಂದ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದರೆ ಸಿಂಗಲ್ ಪಾಸ್. ತಿರುಗಿ ಬಂದರೆ ಮಲ್ಟಿಪಾಸ್.

ಮೊದಲು ಮೈ ಲೆಕ್ಕ

8 ಇಂಚಿನ, 8 ಅಡಿ ಉದ್ದದ ಒಂದು ಕೊಳವೆಯ ಹೊರಮೈ ಸುಮಾರು 17 ಚದರಡಿ. ಅದರ ಬದಲು 4 ಇಂಚಿನ ನಾಲ್ಕು ಕೊಳವೆ ಹಾಕಿ. ಹೊಗೆ ಹೋಗುವ ಜಾಗ ಅಷ್ಟೇ, ಮೈ ಮಾತ್ರ ಇಮ್ಮಡಿ. ಓಟ ಹೆಚ್ಚಿಸುವ ಮೊದಲು ಮಾಡಬೇಕಾದ ಕೆಲಸ ಇದು.

ಎರಡು ಓಟದಲ್ಲಿ ಏನಾಗುತ್ತದೆ?

ಅವೇ ನಾಲ್ಕು ಕೊಳವೆಗಳಲ್ಲಿ ಎರಡರಲ್ಲಿ ಹೋಗಿ ಎರಡರಲ್ಲಿ ವಾಪಸು ಬರುವಂತೆ ಮಾಡಿದರೆ ಮೈ ಹೆಚ್ಚುವುದಿಲ್ಲ, ಹೊಗೆಯ ವೇಗ ಇಮ್ಮಡಿಯಾಗುತ್ತದೆ. ಹೊಗೆ ಸುಳಿಸುಳಿಯಾಗಿ ಹರಿಯುವಂತಿದ್ದರೆ, ಅದು ಕೊಳವೆಗೆ ಶಾಖ ಕೊಡುವ ಶಕ್ತಿ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ಆದರೆ ಹೊರಗಿನ ಗಾಳಿಯೂ ಅದನ್ನು ಹೀರಿಕೊಳ್ಳಬೇಕಲ್ಲ? ಹಾಗಾಗಿ ಒಟ್ಟು ಲಾಭ ಅಷ್ಟಿಲ್ಲ.

ಇದಕ್ಕೆ ತೆರುವ ಬೆಲೆ ದೊಡ್ಡದು. ವೇಗ ಇಮ್ಮಡಿಯಾದರೆ ತಿಕ್ಕಾಟ ನಾಲ್ಕು ಪಟ್ಟು, ದಾರಿಯೂ ಇಮ್ಮಡಿ, ಒಟ್ಟು ಸುಮಾರು ಎಂಟು ಪಟ್ಟು. ತಿರುವಿನ ತಡೆ ಬೇರೆ. ಚಿಮಣಿ ಗಿಡ್ಡವಾಗಿದ್ದರೆ ಎಳೆತ ಸಾಲದೆ ಹೊಗೆ ಒಲೆಬಾಯಿಗೇ ಹೊಡೆಯುತ್ತದೆ. ಮುಚ್ಚಿದ ಕೋಣೆಯಲ್ಲಿ ಈ ಹೊಗೆ ಪ್ರಾಣಕ್ಕೇ ಅಪಾಯ.

ಇನ್ನೊಂದು, ಹೊಗೆ ತೀರಾ ತಣಿದರೆ ನೀರೂ ಟಾರೂ ಕೊಳವೆಯೊಳಗೆ ಇಳಿಯುತ್ತವೆ. ತಗಡು ಬೇಗ ತುಕ್ಕು ತಿನ್ನುತ್ತದೆ. ತೂತು ಬಿದ್ದರೆ ಹೊಗೆವಾಸನೆ ನೇರ ಮಾಲಿಗೆ. ಆಮೇಲೆ ಒಳ್ಳೆ ಧಾರಣೆಯ ಆಸೆ ಬಿಡಬೇಕು!

ನಿರ್ಧಾರ ಹೇಗೆ?

ಚಿಮಣಿಯ ಬುಡದಲ್ಲಿ ಹೊಗೆಯ ಬಿಸಿ ಅಳೆಯಿರಿ. ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಶಾಖ ಆಕಾಶಕ್ಕೆ ಹೋಗುತ್ತಿದೆ ಅಂತಲೇ ಅರ್ಥ. ಎರಡನೇ ಓಟ ಲಾಭದ್ದೇ. 150ರ ಆಸುಪಾಸಿನಲ್ಲಿದ್ದರೆ ಕೈ ಹಾಕಬೇಡಿ.

ಎರಡು ಓಟ ಮಾಡುವುದಾದರೆ:

• ಹೊಸ ಕೊಳವೆ ಸೇರಿಸಿ. ಇದ್ದುದನ್ನೇ ಹಂಚಿ ದಾರಿ ಇಕ್ಕಟ್ಟು ಮಾಡಬೇಡಿ.

• ಹೊಗೆ ತಿರುಗುವ ಪೆಟ್ಟಿಗೆಗೆ ಬಿಚ್ಚುವ ಮುಚ್ಚಳ ಇರಲಿ. ಮಸಿ ಕಟ್ಟಿದ ಕೊಳವೆ ಎಷ್ಟು ಓಟವಿದ್ದರೂ ಶಾಖ ಬಿಡದು.

• ಕೊಳವೆಯ ಎರಡೂ ತುದಿ ಬಿಗಿಯಾಗಿ ಬೆಸೆಯಬೇಡಿ. ಕಬ್ಬಿಣ ಕಾದಾಗ ಹಿಗ್ಗುತ್ತದೆ, ಬೆಸುಗೆ ಬಿಡುತ್ತದೆ. ಒಂದು ತುದಿ ಜಾರುವಂತಿರಲಿ, ಸಂದಿಗೆ ಬಿಸಿ ತಡೆಯುವ ಹಗ್ಗ ತುಂಬಿ.

ಬಿಸಿಹಾಲನ್ನು ನೀರಿನಿಂದ ತಣಿಸುವಲ್ಲಿ ಲೆಕ್ಕ ಬೇರೆ. ಅಲ್ಲಿ ಎರಡರ ಬಿಸಿಯ ಅಂತರ ಕಮ್ಮಿ. ಒಂದೇ ಓಟದಲ್ಲಿ ಎದುರುಬದುರು ಹರಿಸಿದರೇ ಒಳ್ಳೆಯದು. ನಮ್ಮ ಡ್ರೈಯರಿನಲ್ಲಿ ಹೊಗೆಗೂ ಗಾಳಿಗೂ ನೂರಾರು ಡಿಗ್ರಿ ಅಂತರವಿರುವ ಕಾರಣ ಆ ಚಿಂತೆ ಬೇಡ.

ಮಾಡಿ ನೋಡಿದವರು ಚಿಮಣಿಯ ಬಿಸಿ, ಕಟ್ಟಿಗೆಯ ತೂಕ ಎರಡನ್ನೂ ಬರೆದಿಡಿ. ಉಳಿದವರಿಗೂ ತಿಳಿಸಿ.