ತರಗೆಲೆ ಕೂಡಿಡು ಮಗಳೇ

ಬೆಂಗಳೂರಿನಲ್ಲಿ ಹೊಸ ಸಂಸಾರ ಹೂಡಿದ್ದೀಯ, ಬಾಲ್ಕನಿಯಲ್ಲಿ ಮೆಂತ್ಯ, ಟೊಮ್ಯಾಟೊ ಬೆಳೆಯಬೇಕು ಅಂತ ಆಸೆಪಟ್ಟಿದ್ದೀಯ. ಗೊಬ್ಬರಕ್ಕೆ ದುಡ್ಡು ಕೊಡಬೇಡ. ಅದು ನಿನ್ನ ಅಡುಗೆಮನೆಯಲ್ಲೇ ದಿನಾ ಹುಟ್ಟುತ್ತೆ.

ಮುಚ್ಚಳವಿರುವ ಹಳೇ ಬಕೆಟ್ಟಿಗೆ ಸುತ್ತಲೂ, ತಳಕ್ಕೂ ತೂತು ಕೊರೆಸು. ಅಡಿಗೊಂದು ತಟ್ಟೆ ಇರಲಿ. ತಳಕ್ಕೆ ತರಗೆಲೆ ಹಾಸಿ ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಕಾಫಿ ಚರಟ, ಬಾಡಿದ ಹೂವು ಹಾಕು. ಅದರ ಮೇಲೆ ಮತ್ತೆ ಎಲೆ ಮುಚ್ಚು. ಶುರುವಿನಲ್ಲಿ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿದರೆ ಒಳ್ಳೇದು. ಮೀನು, ಮೂಳೆ, ಎಣ್ಣೆಪದಾರ್ಥ ಕೈ ಕುದುರುವವರೆಗೆ ಬೇಡ.

ಮೊದಲ ವಾರವೇ ವಾಸನೆ ಬಂತು ಅಂತ ಕೈಬಿಡುವವರೇ ಹೆಚ್ಚು. ಯಾಕೆ ಬರುತ್ತೆ ಅಂತ ತಿಳಿದುಕೋ. ಕಸ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಒಂದು ಪಾಲಾದರೆ ಇಂಗಾಲ 25-30 ಪಾಲು ಬೇಕು. ಹಸಿ ಸಿಪ್ಪೆಯಲ್ಲಿ ನೀರೂ ಸಾರಜನಕವೂ ಜಾಸ್ತಿ, ಒಣಗಿದ ಎಲೆಯಲ್ಲಿ ಇಂಗಾಲ ಜಾಸ್ತಿ. ಎಲೆ ಸಾಲದಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತೆ. ನಿನ್ನ ಮೂಗಿಗೆ ಬಡಿಯುವ ಆ ಘಾಟು, ಗಿಡದ ಬಾಯಿಗೆ ಹೋಗಬೇಕಿದ್ದ ಸತ್ವ. ಇನ್ನೆರಡು ಬೊಗಸೆ ಎಲೆ ಸುರಿದು, ಕೋಲಿನಲ್ಲಿ ಬುಡದವರೆಗೂ ಕೆದಕಿ ಗಾಳಿಯಾಡಿಸು. ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಹುಳು ಕಂಡರೆ ಹೇಸಬೇಡ, ಅವೂ ಕೆಲಸದವೇ.

ಇಷ್ಟೆಲ್ಲ ಯಾಕೆ ಅನಿಸಿದಾಗ ಮಾವಳ್ಳಿಪುರ, ಮಂಡೂರು ಅನ್ನುವ ಹೆಸರು ನೆನಪಿಡು. ಬೆಂಗಳೂರಿನ ಬೆರಕೆ ಕಸ ವರ್ಷಗಟ್ಟಲೆ ಆ ಹಳ್ಳಿಗಳ ಮಗ್ಗುಲಲ್ಲಿ ಗುಡ್ಡೆ ಬಿತ್ತು. ಗಾಳಿಯಿಲ್ಲದೆ ಕೊಳೆತು, ನೊಣ, ನಾತ, ಕಪ್ಪು ನೀರು ಅವರ ಪಾಲಾಯಿತು. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದು ಸಾಕು ಅಂದರು. ನಮ್ಮ ಮನೆಯ ಮುಸುರೆ ಅವರ ಮನೆಬಾಗಿಲಿಗೆ ಹೋಗೋದು ನ್ಯಾಯವೇ? ಕಸವನ್ನು ಗೊಬ್ಬರವಾಗಿಸುವ ವಿದ್ಯೆಯೇನೂ ನಮಗೆ ಹೊಸದಲ್ಲ. ಪಟ್ಟಣದ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ಮುಚ್ಚಿ ಗೊಬ್ಬರ ಮಾಡುವ 'ಬೆಂಗಳೂರು ಪದ್ಧತಿ'ಯನ್ನು ವಿಜ್ಞಾನಿ ಸಿ.ಎನ್. ಆಚಾರ್ಯರು 1939ರಲ್ಲೇ ಈ ಊರಲ್ಲಿ ರೂಪಿಸಿದ್ದರು.

ಎರಡು-ಮೂರು ತಿಂಗಳಿಗೆ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬರಬೇಕು. ಒಳಗೆ ಇನ್ನೂ ಬಿಸಿಯಿದ್ದರೆ, ಸಿಪ್ಪೆ ಗುರುತು ಸಿಗುವಂತಿದ್ದರೆ ಅವಸರಪಡಬೇಡ. ಹಸಿ ಗೊಬ್ಬರ ಎಳೆ ಬೇರನ್ನು ಸುಡುತ್ತೆ. ಮಾಗಿದ್ದನ್ನು ಜರಡಿ ಹಿಡಿದು, ಎರಡು ಪಾಲು ಮಣ್ಣಿಗೆ ಒಂದು ಪಾಲು ಬೆರೆಸು. ಜರಡಿಯಲ್ಲಿ ಉಳಿದ ಒರಟನ್ನು ಬಕೆಟ್ಟಿಗೇ ಹಿಂದಕ್ಕೆ ಹಾಕು, ಮುಂದಿನದಕ್ಕೆ ಅದೇ ಹೆಪ್ಪು.

ಚಳಿ ಕಳೆಯುತ್ತಿದ್ದಂತೆ ನಿಮ್ಮ ಬೀದಿಯ ಹೊಂಗೆಮರಗಳು ಎಲೆ ಉದುರಿಸುತ್ತವೆ. ಗುಡಿಸಿ ಬೆಂಕಿ ಹಚ್ಚುವ ಮೊದಲೇ ನಾಲ್ಕು ಚೀಲ ತುಂಬಿ ಮೆಟ್ಟಿಲ ಕೆಳಗೆ ಇಟ್ಟುಕೋ. ಮಳೆಗಾಲದಲ್ಲಿ ಎಷ್ಟು ಹುಡುಕಿದರೂ ಒಣ ಎಲೆ ಸಿಗೋದಿಲ್ಲ.