ಪುಪ್ಪುಸದ ಕ್ಯಾನ್ಸರು ಹುಟ್ಟುವ ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ರೈತ ಬಂಧುಗಳಿಗೆ ಕರಿಕೆಯ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರೆಹೊಲದಲ್ಲಿ ಅದರ ಬೇರು ಬೇಸಿಗೆಯೆಲ್ಲ ಕಣ್ಣಿಗೆ ಕಾಣದೆ ಮಲಗಿರುತ್ತದೆ. ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ಪುಪ್ಪುಸದ, ಅಂದರೆ ಶ್ವಾಸಕೋಶದ, ಕ್ಯಾನ್ಸರು ಹುಟ್ಟುವುದೂ ಹೆಚ್ಚುಕಡಿಮೆ ಹೀಗೆಯೇ. ಇದನ್ನು ತಿಳಿದರೆ ತಡೆಯುವ ದಾರಿಯೂ ತಿಳಿಯುತ್ತದೆ.

ನಮ್ಮ ಶರೀರವು ಕೋಟ್ಯಾನುಕೋಟಿ ಜೀವಕಣಗಳಿಂದಾದುದು. ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಅಪ್ಪಣೆಗಳ ಬರಹ ಪ್ರತಿ ಕಣದಲ್ಲಿಯೂ ಇದೆ. ಇದಕ್ಕೆ ಡಿ.ಎನ್.ಎ. ಎನ್ನುತ್ತಾರೆ. ಒಂದು ಕಣ ಎರಡಾಗುವಾಗ ಈ ಬರಹದ ನಕಲಾಗುತ್ತದೆ. ಆಗ ಕೆಲವು ತಪ್ಪುಗಳು ನುಸುಳುತ್ತವೆ. ತಂಬಾಕಿನ ಹೊಗೆ ಇವನ್ನು ಬಹಳ ಹೆಚ್ಚಿಸುತ್ತದೆ. ದಿನಕ್ಕೆ 20 ಸಿಗರೇಟು ಸೇದುವವನ ಪುಪ್ಪುಸದ ಒಂದೊಂದು ಕಣದಲ್ಲಿ ವರ್ಷಕ್ಕೆ ಸರಾಸರಿ 150 ತಪ್ಪುಗಳು ಸೇರುತ್ತವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಬೀಡಿಯೂ ನಿರಪಾಯವಲ್ಲ.

ಬೀಡಿ ಮುಟ್ಟದವರಿಗೂ ಈ ರೋಗ ಬರುವುದೇಕೆ? ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯಲ್ಲಿ ಚಾರ್ಲ್ಸ್ ಸ್ವಾಂಟನ್ ಅವರ ತಂಡವು 2023ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಪಿಎಚ್.ಡಿ. ಮುಗಿಸಿಯೂ ಅಭ್ಯಾಸ ಮುಂದುವರಿಸಿದ ತರುಣ ಸಂಶೋಧಕರು ಈ ತಂಡದಲ್ಲಿದ್ದರು. ನಿರೋಗಿಯಾಗಿ ಕಾಣುವ ಪುಪ್ಪುಸದ 295 ತುಣುಕುಗಳನ್ನು ಪರೀಕ್ಷಿಸಿದಾಗ, 100ಕ್ಕೆ 18ರಲ್ಲಿ ಕ್ಯಾನ್ಸರಿಗೆ ಎಡೆಗೊಡುವ ಒಂದು ತಪ್ಪು ಕಂಡಿತು. ಆದರೂ ಆ ಕಣಗಳು ಸುಮ್ಮನೆ ಮಲಗಿದ್ದವು. ಗಾಳಿಯ ಸೂಕ್ಷ್ಮ ಧೂಳು ಪುಪ್ಪುಸವನ್ನು ಹೊಕ್ಕರೆ ಅಲ್ಲಿಯ ಕಾವಲುಕಣಗಳು ಉರಿಯೂತ ಎಬ್ಬಿಸುತ್ತವೆ. ಆ ಉರಿಯೂತವೇ ಮಲಗಿದ ಕಣವನ್ನು ಬೆಳೆಯಲು ಎಬ್ಬಿಸುತ್ತದೆಂದು ಇಲಿಗಳ ಮೇಲಿನ ಪ್ರಯೋಗದಿಂದ ಗೊತ್ತಾಯಿತು. ತಪ್ಪು ಬೀಜವಾದರೆ ಹೊಗೆ, ಧೂಳು ಮಳೆಯಿದ್ದಂತೆ.

ಗಂಟು ಬೆಳೆದ ಮೇಲೆ ಅದರ ಕಣಗಳೆಲ್ಲ ಒಂದೇ ತೆರನಾಗಿ ಉಳಿಯುವುದಿಲ್ಲ. ಇದೇ ತಂಡವು 421 ರೋಗಿಗಳ ಗಂಟುಗಳನ್ನು ಪರೀಕ್ಷಿಸಿ, ಒಂದೇ ಗಂಟಿನಲ್ಲಿ ಹಲವು ಕವಲುಗಳಿರುವುದನ್ನು ಕಂಡಿತು. ಹತ್ತಿಯ ಹುಳ ಔಷಧಕ್ಕೆ ಒಗ್ಗುವಂತೆ, ಒಂದು ಕವಲು ಸತ್ತರೂ ಇನ್ನೊಂದು ಬದುಕಿ ಬೆಳೆಯುತ್ತದೆ. ಆದುದರಿಂದ ರೋಗವನ್ನು ಬೇಗ ಗುರುತಿಸುವುದು ಅವಶ್ಯ.

ಇನ್ನು ನೀವು ಮಾಡಬೇಕಾದುದೇನು?

1. ಬೀಡಿ, ಸಿಗರೇಟು ಬಿಡಿರಿ. "ನಲವತ್ತು ವರ್ಷ ಸೇದಿದ್ದೇನೆ, ಇನ್ನೇನು ಬಿಡುವುದು" ಎನ್ನಬೇಡಿರಿ. ಬಿಟ್ಟವರ ಶ್ವಾಸನಾಳದಲ್ಲಿ ಹಾನಿಯಾಗದ ಕಣಗಳು, ಸೇದುತ್ತಿರುವವರಿಗಿಂತ ನಾಲ್ಕು ಪಟ್ಟು ಇದ್ದುದು 2020ರಲ್ಲಿ ಪ್ರಕಟವಾಯಿತು. ಬಿಡಲು ಸಲಹೆ ಬೇಕಾದರೆ 1800-11-2356ಕ್ಕೆ ಕರೆ ಮಾಡಿರಿ, ಹಣ ಬೀಳುವುದಿಲ್ಲ.

2. ಕುಳ್ಳು, ತೊಗರಿಕಟ್ಟಿಗೆಯ ಒಲೆಯ ಹೊಗೆಯಲ್ಲಿಯೂ ಸೂಕ್ಷ್ಮ ಧೂಳಿದೆ. ತಾಯಂದಿರು ಗ್ಯಾಸಿದ್ದರೆ ಅದನ್ನೇ ಬಳಸಲಿ. ಇಲ್ಲದಿದ್ದರೆ ಹೊಗೆ ಹೊರಹೋಗಲು ಬೆಳಕಿಂಡಿ ತೆರೆಯಿಸಿರಿ.

3. ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಸರಕಾರಿ ದವಾಖಾನೆಗೆ ಹೋಗಿರಿ. ಈ ಲಕ್ಷಣಗಳು ಕ್ಷಯಕ್ಕೂ ಉಂಟು. ಕಫ ಪರೀಕ್ಷಿಸದೆ ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಔಷಧ ತೆಗೆದುಕೊಂಡು ಸಮಯ ಕಳೆದವರುಂಟು. ಔಷಧದಿಂದ ಗುಣ ಕಾಣದಿದ್ದರೆ ಮತ್ತೆ ಪರೀಕ್ಷೆ ಮಾಡಬೇಕೆಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಕಳೆಯನ್ನು ಎರಡೆಲೆ ಇದ್ದಾಗಲೇ ಕಿತ್ತರೆ ಕೈಯೇ ಸಾಕು. ಬಲಿತ ಮೇಲೆ ಕುಡುಗೋಲೂ ಸಾಲದು.